ಗುಡ್ಡದಾಚೆಯ ಕೇಳುಗರಿಗೆ ಡಿಜಿಟಲ್ ರೇಡಿಯೊ

ಪೆಟ್ಟಿಗೆಯ ಮೇಲೆ ‘ಡಿಜಿಟಲ್’ ಎಂದು ಬರೆದಿದೆ, ಮುಂಭಾಗದಲ್ಲಿ 100.3 ಎಂಬ ಅಂಕಿ ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಅದು ಡಿಜಿಟಲ್ ರೇಡಿಯೊ ಆಗುವುದಿಲ್ಲ. ಅಲ್ಲಿ ಡಿಜಿಟಲ್ ಆಗಿರುವುದು ಅಂಕಿ ಮಾತ್ರ. ಒಳಗೆ ಬರುತ್ತಿರುವುದು ಅದೇ ಹಳೆಯ ಎಫ್‌ಎಂ. ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಮಂಗಳೂರು ಆಕಾಶವಾಣಿ ಕೇಳುವುದು ಡಿಜಿಟಲ್ ಹೌದು, ಆದರೆ ಅದು ಇಂಟರ್ನೆಟ್ಟಿನ ದಾರಿ. ನೆಟ್‌ವರ್ಕ್ ಹೋದರೆ ಅದೂ ಹೋಯಿತು. ಡಿಡಿ ಫ್ರೀ ಡಿಶ್‌ನಲ್ಲಿ ಬರುವ ಆಕಾಶವಾಣಿಯದು ಉಪಗ್ರಹದ ದಾರಿ. ಅದಕ್ಕೆ ಟಿವಿ, ಡಿಶ್, ಕರೆಂಟು ಮೂರೂ ಬೇಕು. ನಿಜವಾದ ಡಿಜಿಟಲ್ ಪ್ರಸಾರ ರೇಡಿಯೊ ಇವೆರಡೂ ಅಲ್ಲ. ನೆಲದ ಮೇಲಿನ ಗೋಪುರದಿಂದ ಹೊರಟು, ಡೇಟಾ ಪ್ಯಾಕಿನ ಹಂಗಿಲ್ಲದೆ, ನೇರವಾಗಿ ಕೈಯಲ್ಲಿರುವ ಸೆಟ್ಟಿಗೆ ಬರುವುದು ಅದು. ಆಕಾಶವಾಣಿ ಅದಕ್ಕಾಗಿ ಆರಿಸಿಕೊಂಡ ತಂತ್ರಜ್ಞಾನದ ಹೆಸರು ಡಿಜಿಟಲ್ ರೇಡಿಯೊ ಮಾಂಡಿಯಾಲ್, ಚಿಕ್ಕದಾಗಿ ಡಿಆರ್‌ಎಂ.

ಪುತ್ತೂರು, ಸುಳ್ಯ, ಕಡಬದವರಿಗೆ ಇದು ಏಕೆ ಮುಖ್ಯ ಎಂಬುದಕ್ಕೆ ಮೊದಲು ಗುಡ್ಡಗಳನ್ನು ನೋಡಬೇಕು. ಮಂಗಳೂರು ಆಕಾಶವಾಣಿ 1976ರ ಡಿಸೆಂಬರಿನಲ್ಲಿ ಶುರುವಾಯಿತು. ಅದರ ಮೀಡಿಯಂ ವೇವ್ 1089 ಕಿಲೋಹರ್ಟ್ಸ್, ಎಫ್‌ಎಂ 100.3 ಮೆಗಾಹರ್ಟ್ಸ್. ಈ ಅಂಕಿಗಳನ್ನು ಅಲೆಯ ಉದ್ದಕ್ಕೆ ಬದಲಿಸಿ ನೋಡಿದರೆ ಎಲ್ಲವೂ ಬಿಡಿಸಿಕೊಳ್ಳುತ್ತದೆ. 1089ರ ಒಂದೊಂದು ಅಲೆ ಸುಮಾರು 275 ಮೀಟರ್ ಉದ್ದ, 100.3ರದು ಬರೀ ಮೂರು ಮೀಟರ್. ಉದ್ದದ ಅಲೆ ನೆಲವನ್ನು ಅಂಟಿಕೊಂಡು, ಗುಡ್ಡವನ್ನು ಬಳಸಿ ಆಚೆಗಿಳಿಯುತ್ತದೆ. ಮೂರು ಮೀಟರಿನದು ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಹಿಂದೆ ನೆರಳು. ಒಂದೇ ತೋಟದ ಮೇಲಿನ ತಟ್ಟಿನಲ್ಲಿ ಸ್ಪಷ್ಟ ಕೇಳುವ ಎಫ್‌ಎಂ ಕೆಳಗಿನ ಮನೆಯಲ್ಲಿ ಬರೀ ಸದ್ದಾಗುವುದು ಇದರಿಂದಲೇ. ಸುಳ್ಯದ ಕೆಲವು ಕಡೆ ಮಂಗಳೂರಿಗಿಂತ ಮಡಿಕೇರಿಯ 103.1 ಚೆನ್ನಾಗಿ ಹಿಡಿಯುವುದುಂಟು. ಆ ಗೋಪುರ ಘಟ್ಟದ ಮೇಲಿದೆ. ಪುತ್ತೂರಿನ ವಿವೇಕಾನಂದ ವಿದ್ಯಾಸಂಸ್ಥೆಗಳ ಸಮುದಾಯ ಬಾನುಲಿ ಪಾಂಚಜನ್ಯ 90.8ರಂಥ ಕಡಿಮೆ ಶಕ್ತಿಯ ಕೇಂದ್ರ ಸುಬ್ರಹ್ಮಣ್ಯದ ಕಣಿವೆಗೆ ಇಳಿಯಬೇಕೆಂದು ಬಯಸುವುದೇ ಸರಿಯಲ್ಲ.

ಹಾಗಾದರೆ ಗುಡ್ಡ ದಾಟುವ ಮೀಡಿಯಂ ವೇವ್ ಅನ್ನು ಜನ ಏಕೆ ಬಿಟ್ಟರು? ಸದ್ದಿನಿಂದ. ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಬದಿಯಲ್ಲಿ ಮಿಂಚಿದರೆ ಸೆಟ್ಟು ಚಟಪಟ ಎನ್ನುತ್ತದೆ. ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರ್ ಎಲ್ಲವೂ ಅದೇ ಕಂಪನಾಂಕಗಳಲ್ಲಿ ಗೊರಗುಟ್ಟುತ್ತವೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೆಲ್ ಹಾಕಿದ ಟ್ರಾನ್ಸಿಸ್ಟರನ್ನು ಬಲ್ಬಿನ ಹತ್ತಿರ ಹಿಡಿಯಿರಿ, ಆಮೇಲೆ ಅಂಗಳಕ್ಕೆ ತನ್ನಿ. ಅಂಗಳದಲ್ಲಿ ನಿಂತು ಸೆಟ್ಟನ್ನು ಮೆಲ್ಲನೆ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಧ್ವನಿ ಏರುತ್ತದೆ, ಇನ್ನೊಂದರಲ್ಲಿ ಕುಗ್ಗುತ್ತದೆ. ಒಳಗಿರುವ ಫೆರೈಟ್ ಕಡ್ಡಿಯೇ ಮೀಡಿಯಂ ವೇವ್‌ಗೆ ಆಂಟೆನಾ. ಮೇಲಕ್ಕೆಳೆಯುವ ಸರಳು ಅದಕ್ಕಲ್ಲ, ಎಫ್‌ಎಂನಂಥವಕ್ಕೆ.

ಡಿಆರ್‌ಎಂ ಕೈಹಾಕುವುದು ಈ ಸದ್ದಿಗೆ. ಹಳೆಯ ಪದ್ಧತಿಯಲ್ಲಿ ಧ್ವನಿ ಏರಿಳಿದಂತೆ ಅಲೆಯ ಬಲ ಏರಿಳಿಯುತ್ತದೆ. ನಡುವೆ ಸಿಡಿಲು ಬಂದರೆ ವಾರ್ತೆ ಯಾವುದು, ಸಿಡಿಲು ಯಾವುದು ಎಂದು ಸೆಟ್ಟಿಗೆ ಗೊತ್ತಾಗದೆ ಎರಡನ್ನೂ ಕೇಳಿಸುತ್ತದೆ. ಡಿಆರ್‌ಎಂನಲ್ಲಿ ಧ್ವನಿ ಮೊದಲೇ ಅಂಕಿಗಳಾಗಿ, ಸುಮಾರು ಇನ್ನೂರು ಸಣ್ಣ ವಾಹಕ ಅಲೆಗಳ ಮೇಲೆ ಹಂಚಿಹೋಗುತ್ತದೆ. ಜೊತೆಗೆ ತಿದ್ದಿಕೊಳ್ಳಲು ಬೇಕಾದ ಹೆಚ್ಚುವರಿ ಅಂಕಿಗಳೂ ಬರುತ್ತವೆ. ದಾರಿಯಲ್ಲಿ ಕೆಲವು ಕೆಟ್ಟರೂ ಉಳಿದವುಗಳಿಂದ ಸೆಟ್ಟು ಮಾತನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಸ್ಟೇಷನ್ ಹಿಡಿದ ಮೇಲೆ ಧ್ವನಿ ಬರಲು ಕೆಲವು ಸೆಕೆಂಡು ಬೇಕಾಗುವುದು ಇದಕ್ಕೇ; ಸೆಟ್ಟು ಕೆಟ್ಟಿದೆ ಎಂದುಕೊಳ್ಳಬೇಡಿ.

ಆದರೆ ಮಾರುವವರು ಹೇಳದ ಒಂದು ವಿಷಯವಿದೆ. ಹಳೆಯ ಸೆಟ್ಟಿನಲ್ಲಿ ಸಿಗ್ನಲ್ ಕುಗ್ಗಿದಂತೆ ಧ್ವನಿ ಹಂತಹಂತವಾಗಿ ಹಾಳಾಗುತ್ತದೆ. ಗೊರಗೊರದ ನಡುವೆಯೂ ‘ರಜೆ’, ‘ಭಾರಿ ಮಳೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಡಿಜಿಟಲ್‌ನಲ್ಲಿ ಆ ನಡುವಿನ ಸ್ಥಿತಿ ಇಲ್ಲ. ಒಂದು ಮಟ್ಟದವರೆಗೆ ಅಚ್ಚುಕಟ್ಟು, ಅದರಿಂದ ಕೆಳಗೆ ಪೂರ್ತಿ ಮೌನ. ಕಣಿವೆಯಲ್ಲಿರುವ ಕೇಳುಗರಿಗೆ ಇದು ಸಣ್ಣ ಮಾತಲ್ಲ.

ಈಗ ಊರಿನ ಲೆಕ್ಕಕ್ಕೆ ಬರೋಣ. ಆಕಾಶವಾಣಿ ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಡಿಆರ್‌ಎಂ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಹಾಕಿತು. ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರಿನ 612 ಮತ್ತು ಧಾರವಾಡದ 765. ಮಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಕಂಪನಿಯಿಂದಲೇ ಡಿಆರ್‌ಎಂ ಅಳವಡಿಸಿದ ಕಾರು ಇದ್ದವರು ರಾತ್ರಿ ಹೊತ್ತು, ದೂರದ ಅಲೆಗಳು ಆಕಾಶದಿಂದ ಮರಳಿ ಬರುವಾಗ, 612 ಹಿಡಿದು ನೋಡಬಹುದು; ಧ್ವನಿ ಆಗಾಗ ಕಡಿದರೆ ಅದು ಆ ದೂರದ ಗುಣ. ಅದಷ್ಟಕ್ಕಾಗಿ ಮನೆಗೆ ಸಾವಿರಾರು ರೂಪಾಯಿಯ ಡಿಆರ್‌ಎಂ ಸೆಟ್ಟು ತರುವುದು ಸದ್ಯ ಈ ಮೂರು ತಾಲೂಕಿನಲ್ಲಿ ದಂಡ.

ಮುಂದೆಯಾದರೂ ಬರುತ್ತದೆಯೇ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ಅಕ್ಟೋಬರಿನಲ್ಲಿ ಖಾಸಗಿ ಎಫ್‌ಎಂಗಳಿಗೆ ಡಿಜಿಟಲ್ ಪ್ರಸಾರದ ಶಿಫಾರಸು ಮಾಡಿತು. ಹಳೆಯದನ್ನು ಉಳಿಸಿಕೊಂಡೇ ಜೊತೆಯಲ್ಲಿ ಡಿಜಿಟಲ್ ಕೊಡಬೇಕು ಎಂಬುದು ಒಳ್ಳೆಯ ಮಾತು. ಆದರೆ ಅದು ಹೆಸರಿಸಿದ್ದು 13 ದೊಡ್ಡ ನಗರಗಳನ್ನು, ಕರ್ನಾಟಕದಿಂದ ಬೆಂಗಳೂರೊಂದನ್ನೇ. ನಾಲ್ಕು ಮಾರ್ಗಗಳಿಂದ ಹಾಡು ಸಿಗುವ ನಗರಕ್ಕೆ ಐದನೆಯದು ಸೇರುತ್ತದೆ. ಗುಡ್ಡ ದಾಟುವ ಅಲೆ ಬೇಕಾದವರ ಸರದಿ ಇನ್ನೂ ಬಂದಿಲ್ಲ. ನನಗೆ ಇದು ತಲೆಕೆಳಗಾದ ಕ್ರಮವಾಗಿ ಕಾಣುತ್ತದೆ.

ಏಕೆಂದರೆ ಡಿಆರ್‌ಎಂನ ನಿಜವಾದ ಉಪಯೋಗ ಇಲ್ಲಿದೆ. ಒಂದೇ ಕಂಪನಾಂಕದಲ್ಲಿ ಎರಡು ಮೂರು ಕಾರ್ಯಕ್ರಮ, ಜೊತೆಗೆ ಕನ್ನಡ ಅಕ್ಷರದಲ್ಲೇ ಓದಬಹುದಾದ ಸುದ್ದಿ, ಹವಾಮಾನ, ಅಡಿಕೆ ಧಾರಣೆಯನ್ನೂ ಕಳಿಸಬಹುದು. ಅಪಾಯದ ಹೊತ್ತಿನಲ್ಲಿ ಬೇರೆ ಕಾರ್ಯಕ್ರಮ ಕೇಳುತ್ತಿರುವ ಸೆಟ್ಟನ್ನೂ ಎಚ್ಚರಿಕೆಯ ವಾಹಿನಿಗೆ ತಾನಾಗಿ ತಿರುಗಿಸುವ ಏರ್ಪಾಡು ಅದರಲ್ಲಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು, ಮಡಿಕೇರಿ ರಸ್ತೆ ಮುಚ್ಚಿ, ಜನ ಸಂಪಾಜೆ, ಅರಂತೋಡಿನ ಪರಿಹಾರ ಕೇಂದ್ರಗಳಿಗೆ ಇಳಿದುಬಂದದ್ದನ್ನು ಕಂಡವರಿಗೆ, ಕರೆಂಟು, ನೆಟ್‌ವರ್ಕ್ ಎರಡನ್ನೂ ನೆಚ್ಚದ ಒಂದು ಧ್ವನಿಯ ಬೆಲೆ ವಿವರಿಸಬೇಕಿಲ್ಲ.

ಆದ್ದರಿಂದ ಗ್ರಾಮಸಭೆಯಲ್ಲಿ, ಸಂಸದರ ಕಚೇರಿಯಲ್ಲಿ ಕೇಳಬೇಕಾದದ್ದು ಇಷ್ಟು: ಮಂಗಳೂರಿಗೆ ಡಿಆರ್‌ಎಂ ಮೀಡಿಯಂ ವೇವ್ ಕೊಡಿ, ಜನರ ಕೈಗೆ ಅಗ್ಗದ ಸೆಟ್ಟು ಬರುವ ತನಕ ಹಳೆಯ ಪ್ರಸಾರವನ್ನು ಮುಚ್ಚಬೇಡಿ. ಅಲ್ಲಿಯವರೆಗೆ, ಮಳೆಗಾಲಕ್ಕೆ ಮುಂಚೆ ಮನೆಯ ಹಳೆಯ ಟ್ರಾನ್ಸಿಸ್ಟರಿಗೆ ಹೊಸ ಸೆಲ್ ಹಾಕಿಡಿ.