ಬಾದಾಮಿಯ ಕೊಳ್ಳಗಳಲ್ಲಿ ಒಂದು ದಿನ: ಯಾವ ದಾರಿ, ಯಾವ ಹೊತ್ತು?

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ. ಕಾಲೇಜು ಸೇರಿದ ಮಗ ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಸುದ್ದಿ ತೆಗೆಯುತ್ತಾನೆ: 'ಅವ್ವಾ, ರವಿವಾರ ಗೆಳ್ಯಾರೆಲ್ಲಾ ಕೂಡಿ ಬಾದಾಮಿಗೆ ಹೊಂಟೇವಿ. ಸಿಡಿಲಪಡಿ ನೋಡಿ ಸಂಜೀಕ ಬಂದಬಿಡ್ತೇವಿ.' ಅವ್ವ ತಾಟಿಗೆ ರೊಟ್ಟಿ ಹಾಕುತ್ತ ಒಂದೇ ಪ್ರಶ್ನೆ ಕೇಳುತ್ತಾಳೆ: 'ಅಲ್ಲೆ ಕುಡ್ಯಾಕ ನೀರು ಸಿಗತಾವೇನು?'

ಮಗ ಅದನ್ನು ವಿಚಾರಿಸಿರುವುದಿಲ್ಲ. ವಿಚಾರಿಸಿದ್ದರೆ ಸಿಗುತ್ತಿದ್ದ ಉತ್ತರ: ಸಿಗುವುದಿಲ್ಲ.

ಧಾರವಾಡದ ಮಕ್ಕಳಿಗೆ ಚಾರಣವೆಂದರೆ ಕಣ್ಣ ಮುಂದೆ ಬರುವುದು ಮಲೆನಾಡು. ದಾಂಡೇಲಿ, ಯಲ್ಲಾಪುರದ ಕಡೆಯ ಹಸಿರು, ಅಲ್ಲಲ್ಲಿ ಹಳ್ಳ, ಮೈಮೇಲೆ ನೆರಳು. ಊರಿನ ಇನ್ನೊಂದು ದಿಕ್ಕಿಗೆ, ನವಲಗುಂದ-ನರಗುಂದದ ಕರಿ ಹೊಲಗಳನ್ನು ದಾಟಿ ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿದರೆ ಸಿಗುವುದು ಬೇರೆಯದೇ ಲೋಕ. ಕೆಂಪು ಮರಳುಗಲ್ಲಿನ ಕಡಿದಾದ ಗೋಡೆಗಳು, ಅವುಗಳ ನಡುವೆ ಸೀಳಿದಂತಹ ಕೊಳ್ಳಗಳು, ಮೇಲೆ ಮುಳ್ಳುಕಂಟಿ ಬೆಳೆದ ಬಟ್ಟಬಯಲು ಬಂಡೆ. ಇದು ಮರುಭೂಮಿಯಲ್ಲ, ನಿಜ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಆ ಬಂಡೆಯ ಮೇಲೆ ಖಾಲಿ ಬಾಟಲಿ ಹಿಡಿದು ನಿಂತವನಿಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣಿಸುವುದಿಲ್ಲ.

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕೊಳ್ಳದಲ್ಲಿ ಕಾವಲು ಸಿಬ್ಬಂದಿ ಬಂದವರಿಗೆಲ್ಲ ಎರಡು ಮಾತು ಹೇಳುತ್ತಾರೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕೊಳ್ಳದೊಳಗೆ ನಡೆಯಬೇಡಿ. ಇಳಿಯಲು ಒಂದು ತಾಸು ಹಿಡಿದರೆ ಹತ್ತಲು ಎರಡು ತಾಸು ಬೇಕೆಂದು ಲೆಕ್ಕ ಹಾಕಿ. ಅಲ್ಲಿ ಮೊದಲು ಇಳುಕಲು, ಆಮೇಲೆ ಏರು. ದಣಿದ ಮೇಲೆ ಕಷ್ಟ ಎದುರಾಗುತ್ತದೆ. ಬಾದಾಮಿಯಲ್ಲಿ ಇದು ತಿರುವುಮುರುವು. ಏರು ಮೊದಲೇ ಮುಗಿಯುತ್ತದೆ, ಮೇಲೆ ಹತ್ತಿದ ಮೇಲೆ ನೆಲ ಸಪಾಟು. 'ಇನ್ನೇನು, ಸುಲಭ ಐತಿ' ಎಂದು ಹುಡುಗರು ಮುಂದೆ ಮುಂದೆ ಹೋಗುತ್ತಾರೆ. ನೆರಳಿಲ್ಲದ ಆ ಸಪಾಟು ನೆಲವೇ ಇಲ್ಲಿಯ ಮೋಸ. ಮರಳಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ, ಬಂಡೆಯೂ ಕಾದಿರುತ್ತದೆ.

ಸಿಡಿಲಪಡಿಯ ಸಂಗತಿ ಹೀಗೇ ಇದೆ. ಬಾದಾಮಿಯ ಕೋಟೆಯ ಕಡೆಯಿಂದ ಕುರುಚಲು ಕಾಡಿನೊಳಗೆ ಸುಮಾರು 4 ಕಿ.ಮೀ. ಕಾಲುದಾರಿ. ಎರಡು ದೊಡ್ಡ ಬಂಡೆಗಳ ನಡುವೆ ಪ್ರಕೃತಿಯೇ ಕಟ್ಟಿದ ಕಮಾನು, ಮೇಲೆ ಬೆಳಕಿಂಡಿಯಂತೆ ತೂತು, ಗೋಡೆಗಳ ಮೇಲೆ ಪ್ರಾಗೈತಿಹಾಸಿಕ ಕಾಲದವರು ಬರೆದ ಚಿತ್ರಗಳು. ಸಿಡಿಲು ಬಡಿದು ಬಂಡೆ ತೂತಾಯಿತೆಂದು ಜನ ಹೇಳುತ್ತಾರೆ. ಹೆಸರೂ ಅದರಿಂದಲೇ ಬಂತು. ನೋಡಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತಿರ ನೀರಿನ ಆಸರೆಯಿಲ್ಲ, ಕಂಟಿಗಳ ನಡುವೆ ದಾರಿ ತಪ್ಪುವುದು ಸುಲಭ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಸರಿ. ಮೊಬೈಲಿನ ನಕ್ಷೆ ನೆಚ್ಚಿಕೊಂಡು ಹೊರಟವರು, ಕೊಳ್ಳದೊಳಗೆ ಸಿಗ್ನಲ್ ಕೈಕೊಟ್ಟರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿರಬೇಕು.

ಮಗನ ಲೆಕ್ಕ ತಪ್ಪಿದ್ದು ಎಲ್ಲಿ? ಹುಬ್ಬಳ್ಳಿಯಿಂದ ಬಾದಾಮಿ ನೂರು ಕಿ.ಮೀ. ದಾಟುತ್ತದೆ. ಆರು ಗಂಟೆಯ ಬಸ್ಸು ಹಿಡಿದರೂ ಇಳಿಯುವಾಗ ಒಂಬತ್ತು. ರೈಲಿನಲ್ಲಿ ಬಂದರೆ ಸ್ಟೇಷನ್ನಿನಿಂದ ಊರು ಮತ್ತೆ 5 ಕಿ.ಮೀ. ಚಹಾ, ಉಪ್ಪಿಟ್ಟು, ತಪ್ಪಿಸಿಕೊಂಡ ಒಬ್ಬ ಗೆಳೆಯನ ಹುಡುಕಾಟ ಎಲ್ಲ ಮುಗಿದು ಕಾಲ್ನಡಿಗೆ ಆರಂಭವಾಗುವಾಗ ಹತ್ತು. ಅಂದರೆ ನಡೆಯಲು ಯೋಗ್ಯವಾದ ಹೊತ್ತನ್ನು ಬಸ್ಸೇ ತಿಂದಿರುತ್ತದೆ! ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಸಿಡಿಲಪಡಿ ಅಲ್ಲ. ಅದು ಹಿಂದಿನ ರಾತ್ರಿ ಬಾದಾಮಿಯಲ್ಲಿ ಉಳಿದು, ಬೆಳಕು ಹರಿಯುತ್ತಲೇ ಹೊರಡುವವರಿಗೆ.

ಹಾಗಾದರೆ ಹತ್ತಕ್ಕೆ ಬಂದಿಳಿದವರು ಏನು ಮಾಡಬೇಕು? ಊರಿಗೆ ಅಂಟಿಕೊಂಡೇ ಅಗಸ್ತ್ಯ ತೀರ್ಥದ ಸುತ್ತು ಇದೆ. ಒಂದು ದಿನಕ್ಕೆ ಧಾರಾಳ ಸಾಕು. ಇದರಲ್ಲಿ ಜಾಣತನ ಬೇಕಾದದ್ದು ದಿಕ್ಕಿನ ವಿಷಯದಲ್ಲಿ. ಕೆರೆಯ ದಕ್ಷಿಣದ ಬೆಟ್ಟದಲ್ಲಿ ಗುಹಾಲಯಗಳಿವೆ, ಅವುಗಳ ಮುಖ ಉತ್ತರಕ್ಕೆ. ಎದುರಿನ ಉತ್ತರದ ಬೆಟ್ಟದ ಮುಖ ದಕ್ಷಿಣಕ್ಕೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಬೆಟ್ಟಕ್ಕೆ ಇಡೀ ದಿನ ಬಿಸಿಲು, ಗುಹೆಗಳ ಕಡೆ ನೆರಳು. ಆದ್ದರಿಂದ ಬಂದ ಕೂಡಲೇ ವಸ್ತುಸಂಗ್ರಹಾಲಯದ ಪಕ್ಕದಿಂದ ಉತ್ತರದ ಕೋಟೆ ಹತ್ತಿ ಮುಗಿಸಬೇಕು. ಮಧ್ಯಾಹ್ನ ಗುಹೆಗಳ ತಂಪು. ಇಳಿಹೊತ್ತಿಗೆ ಕೆರೆಯ ಪೂರ್ವದ ತುದಿಯಲ್ಲಿರುವ ಭೂತನಾಥ ಗುಡಿ. ಪಡುವಣ ಬಿಸಿಲು ಬಿದ್ದಾಗ ಅದರ ಕಲ್ಲಿಗೆ ಬರುವ ಬಣ್ಣ ನೋಡಿಯೇ ತಿಳಿಯಬೇಕು. ಬಹಳ ಜನ ಇದನ್ನು ಉಲ್ಟಾ ಮಾಡಿ, ತಂಪು ಹೊತ್ತಿನಲ್ಲಿ ಗುಹೆ ನೋಡಿ, ಸುಡುಬಿಸಿಲಿನಲ್ಲಿ ಕೋಟೆ ಹತ್ತುತ್ತಾರೆ.

ಉತ್ತರದ ಕೋಟೆಯ ದಾರಿ ಹುಡುಗರಿಗೆ ನಿಜವಾದ ಕೊಳ್ಳದ ಅನುಭವ ಕೊಡುತ್ತದೆ. ಎರಡೂ ಕಡೆ ಎತ್ತರದ ಬಂಡೆಗೋಡೆ, ನಡುವೆ ಇಕ್ಕಟ್ಟಾದ ಓಣಿ, ಮೇಲೆ ಆಕಾಶದ ಒಂದು ಪಟ್ಟಿ. ಮೆಟ್ಟಿಲು ಎತ್ತರ, ಸಣ್ಣ ಮಕ್ಕಳಿಗೆ ಕೈ ಕೊಡಬೇಕು. ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಧಾನ್ಯದ ಕಣಜಗಳು, ಎಲ್ಲ ನೋಡಿ ಇಳಿಯಲು ಎರಡು ತಾಸು ಇಟ್ಟುಕೊಳ್ಳಬೇಕು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಈ ಬೆಟ್ಟವನ್ನು ಕೋಟೆ ಮಾಡಿಸಿದ್ದನ್ನು ಇಲ್ಲಿಯ ಬಂಡೆಯ ಮೇಲಿನ ಶಾಸನ ಹೇಳುತ್ತದೆ. ಎತ್ತರದ ಬಂಡೆ, ಬುಡದಲ್ಲಿ ನೀರು ನಿಲ್ಲುವ ತಗ್ಗು: ರಾಜನೂ ಮೊದಲು ನೀರನ್ನೇ ನೋಡಿರಬೇಕು, ನಮ್ಮ ಅವ್ವನ ಹಾಗೆ.

ವಿಜ್ಞಾನ ಓದುವ ಮಕ್ಕಳು ಗೋಡೆಗಳನ್ನು ಹತ್ತಿರದಿಂದ ನೋಡಬೇಕು. ಪದರಗಳ ಒಳಗೆ ಓರೆಯಾಗಿ ಎಳೆದಂತಹ ಗೆರೆಗಳಿವೆ. ಅವು ಹರಿಯುವ ನೀರು ಮರಳನ್ನು ತಂದು ಗುಡ್ಡೆ ಹಾಕಿದ ಗುರುತು. ಕೆಂಪು ಬಣ್ಣ ಕಬ್ಬಿಣದ್ದು. ಈ ಕಲ್ಲು ಭೂಮಿಯ ಮೇಲೆ ಪ್ರಾಣಿಗಳು ಹುಟ್ಟುವುದಕ್ಕೂ ಹಿಂದಿನದು. ಇಂಥ ಕಲ್ಲಿನ ಮೇಲೆ ಹೆಸರು ಕೆತ್ತುವ ಚಾಳಿ ಇದ್ದವರನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಅಜ್ಜ-ಅಜ್ಜಿ ಅಥವಾ ತೀರ ಸಣ್ಣವರು ಜೊತೆಗಿದ್ದರೆ ಐಹೊಳೆಯ ಮೇಗುತಿ ಗುಡ್ಡ ಹೇಳಿ ಮಾಡಿಸಿದ್ದು. ಸ್ವಲ್ಪವೇ ಏರು, ಮೇಲೆ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಬಸದಿ, ಕೆಳಗೆ ಇಡೀ ಊರು. ಪಟ್ಟದಕಲ್ಲು ದಾರಿಯಲ್ಲೇ ಇದೆ, ಅಲ್ಲಿ ಹತ್ತುವುದೇ ಇಲ್ಲ. ಮಹಾಕೂಟದಲ್ಲಿ ಬುಗ್ಗೆಯ ನೀರಿನ ಪುಷ್ಕರಣಿ ಇದೆ. ಈಜು ಬಾರದ ಮಕ್ಕಳ ಮೇಲೆ ಒಂದು ಕಣ್ಣಿರಲಿ. ಗೋಕಾಕದ ಜಲಪಾತ ಮಳೆಗಾಲದ ನೋಟ, ನಡಿಗೆಯ ಜಾಗವಲ್ಲ.

ಮಳೆಗಾಲದಲ್ಲಿ ಭೂತನಾಥದ ಹತ್ತಿರ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ಆಗ ಪಾಚಿಗಟ್ಟಿದ ಬಂಡೆ ಜಾರುತ್ತದೆ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ನಡಿಗೆಯ ಮಾತೇ ಬೇಡ. ಕೋತಿಗಳು ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ, ತಿನಿಸನ್ನು ಬೆನ್ನಚೀಲದೊಳಗೇ ಇಡಬೇಕು. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಇದ್ದರೆ ಕಲ್ಲು ತೂರುವುದು, ಬೀಡಿ ಹಚ್ಚುವುದು, ಕೂಗಾಡುವುದು ಕೂಡದು. ಬಾಗಿಲು ಹಾಕಿದ ಮೆಟ್ಟಿಲ ದಾರಿಯನ್ನು ಹಾರಿ ಹೋಗಬಾರದು. ಹಗ್ಗ ಕಟ್ಟಿ ಬಂಡೆ ಹತ್ತುವವರನ್ನು ಕಂಡು ಬರಿಗೈಯಲ್ಲಿ ಹತ್ತಲು ಹೋಗುವುದಂತೂ ಶುದ್ಧ ಹುಚ್ಚುತನ.

ನೀರಿನ ಲೆಕ್ಕ: ಬಿಸಿಲಿನಲ್ಲಿ ನಡೆಯುವಾಗ ತಾಸಿಗೆ ಅರ್ಧ ಲೀಟರು ಬೇಕಾಗುತ್ತದೆ. ದಿನಕ್ಕೆ ತಲೆಗೆ ಮೂರು ಲೀಟರು ಹೊತ್ತರೆ ನಿಶ್ಚಿಂತೆ. ಬರೀ ನೀರಲ್ಲ, ಉಪ್ಪೂ ಬೇಕು. ರೊಟ್ಟಿ, ಶೇಂಗಾ ಚಟ್ನಿ, ಉಪ್ಪು ಹಾಕಿದ ಮಜ್ಜಿಗೆ ಇದಕ್ಕೆ ಯಾವ ಅಂಗಡಿಯ ಪಾನೀಯಕ್ಕೂ ಕಡಿಮೆಯಿಲ್ಲ. ಜೊತೆಯವನಿಗೆ ತಲೆನೋವು, ವಾಕರಿಕೆ ಬಂದರೆ ಅಲ್ಲೇ ನೆರಳಿಗೆ ಕೂರಿಸಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಬೇಕು. ಮಾತು ತಡವರಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಲ್ಲರಿಗಿಂತ ನಿಧಾನ ನಡೆಯುವವನನ್ನು ಮುಂದೆ ಬಿಡಬೇಕು, ಹಿಂದೆ ಅಲ್ಲ. ಯಾರು ನಿಧಾನ ಎಂಬುದು ತಿಳಿಯಲು ಒಂದು ವಾರ ಮೊದಲು ಚೀಲ ಹೊತ್ತು ಉಣಕಲ್ಲಿನ ನೃಪತುಂಗ ಬೆಟ್ಟ ಹತ್ತಿ ನೋಡಿದರಾಯಿತು, ಖರ್ಚಿಲ್ಲದ ಪರೀಕ್ಷೆ.

ಇಷ್ಟೆಲ್ಲ ಕೇಳಿಸಿಕೊಂಡ ಮಗ ಮುಖ ಸಣ್ಣದು ಮಾಡಿದ. 'ಹಂಗಾರ ಸಿಡಿಲಪಡಿ ಬ್ಯಾಡೇನು?' ಅವ್ವ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. 'ಬ್ಯಾಡ ಅಂದವರ‍್ಯಾರು? ಈ ರವಿವಾರ ಕ್ವಾಟಿ, ಗುಡಿ ನೋಡಿ ಬಾ. ಸಂಕ್ರಾಂತಿ ಸೂಟಿಗೆ ಹಿಂದಿನ ದಿನಾ ಹೋಗಿ ಬಾದಾಮಿಯೊಳಗ ಕಾಕಾನ ಮನ್ಯಾಗ ಮಲಗು. ನಸಿಕನ್ಯಾಗ ಅವನ್ನ ಕರಕೊಂಡ ಹೋಗು. ದಾರಿ ಅವಗ ಗೊತ್ತೈತಿ.'