ಸಹಿ ಯಾರದು, ಶರೀರ ಯಾರದು?

ಜೈನಾಪುರದ ಓರ್ವ ತಾಯಿಯ ಬಾಯಿಯ ಹುಣ್ಣು ಮೂರು ತಿಂಗಳಾದರೂ ಮಾಯುವುದಿಲ್ಲ ಎಂದಿಟ್ಟುಕೊಳ್ಳೋಣ. ಮಕ್ಕಳು ಆಕೆಯನ್ನು ವಿಜಯಪುರಕ್ಕೆ, ಅಲ್ಲಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಕರೆದೊಯ್ಯುತ್ತಾರೆ. ವೈದ್ಯರ ಕೋಣೆಯೊಳಗೆ ಮಕ್ಕಳು, ಹೊರಗಿನ ಬೆಂಚಿನ ಮೇಲೆ ತಾಯಿ. ‘ಅಮ್ಮಿಗೆ ಕಾಯಿಲೆಯ ಹೆಸರು ಹೇಳಬೇಡಿ’ ಎಂಬುದು ಮಕ್ಕಳ ಮೊದಲ ವಿನಂತಿ. ವಿಕಿರಣ ಚಿಕಿತ್ಸೆಯ ಒಂದು ಪ್ರಯೋಗಕ್ಕೆ ರೋಗಿಯನ್ನು ಸೇರಿಸಿಕೊಳ್ಳಬಹುದೇ ಎಂದು ವೈದ್ಯರು ಕೇಳಿದರೆ, ಹಿರಿಯ ಮಗ ಒಂದೋ ಓದದೆಯೇ ಸಹಿ ಹಾಕುತ್ತಾನೆ, ಇಲ್ಲವೇ ‘ನಮ್ಮನ್ನು ಇಲಿ ಮಾಡಲು ಹೊರಟಿದ್ದಾರೆ’ ಎಂದು ತಾಯಿಯನ್ನು ಕರೆದುಕೊಂಡು ಊರಿಗೆ ಮರಳುತ್ತಾನೆ. ಎರಡರಲ್ಲೂ ತಾಯಿಯನ್ನು ಯಾರೂ ಕೇಳಿಲ್ಲ.

ಈ ಭಯ ಆಧಾರರಹಿತವೆಂದು ನಾವು ಹೇಳಲಾರೆವು. 1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಎರಡು ಡಜನ್‌ಗೂ ಮಿಕ್ಕ ಬಾಯಿಯ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಾಯೋಗಿಕ ಔಷಧಿಯೊಂದನ್ನು ಪರೀಕ್ಷಿಸಲಾಯಿತು. ಅದರಲ್ಲಿ ಭಾಗಿಯಾಗಿದ್ದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವೇ 2001ರಲ್ಲಿ ತನಿಖೆ ನಡೆಸಿ, ರೋಗಿಗಳ ರಕ್ಷಣೆಗೆ ಅಗತ್ಯವಾದ ಕ್ರಮಗಳು ಪಾಲನೆಯಾಗಿಲ್ಲ ಎಂದು ಒಪ್ಪಿಕೊಂಡಿತು. ಅಂದು ಆಂಧ್ರದಲ್ಲಿದ್ದ ಖಮ್ಮಂನಲ್ಲಿ ನಡೆದ ಎಚ್‌ಪಿವಿ ಲಸಿಕೆಯ ಅಧ್ಯಯನದಲ್ಲಿ ಹಾಸ್ಟೆಲಿನ ಹೆಣ್ಣುಮಕ್ಕಳ ಪರವಾಗಿ ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಬೆಳಕಿಗೆ ಬಂತು. 2010ರಲ್ಲಿ ಸರಕಾರ ಆ ಅಧ್ಯಯನವನ್ನು ತಡೆಹಿಡಿಯಿತು. ಶರೀರ ಒಬ್ಬರದು, ಸಹಿ ಇನ್ನೊಬ್ಬರದು ಎಂದಾದಾಗ ಎಂತಹ ಅನಾಹುತ ನಡೆಯಬಹುದು ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಹಾಗಂತ ಪ್ರಯೋಗಗಳೆಲ್ಲವೂ ವಂಚನೆಯೇ? ಖಂಡಿತ ಅಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ವಿಕಿರಣ ನೀಡಲಾಗುತ್ತದೆ. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಏಶ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಮುಂತಾದೆಡೆಯ ಒಂಬತ್ತು ಕೇಂದ್ರಗಳ 908 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಐದು ಬಾರಿ, ಇನ್ನೊಂದಕ್ಕೆ ಆರು ಬಾರಿ ವಿಕಿರಣ ನೀಡಿತು. ಒಟ್ಟು ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. 2010ರಲ್ಲಿ ಫಲಿತಾಂಶ ಬಂದಾಗ, ಐದು ವರ್ಷಗಳ ಬಳಿಕವೂ ಮೂಲ ಜಾಗದಲ್ಲಿ ಕಾಯಿಲೆ ಹತೋಟಿಯಲ್ಲಿದ್ದವರು ಮೊದಲ ಗುಂಪಿನಲ್ಲಿ ಶೇ. 30, ಎರಡನೆಯದರಲ್ಲಿ ಶೇ. 42. ಹೊಸ ಯಂತ್ರವಿಲ್ಲ, ದುಬಾರಿ ಔಷಧಿಯಿಲ್ಲ. ಬಾಯಿಯ ಹುಣ್ಣಿನ ಬಾಧೆ ಹೆಚ್ಚಾದುದು ನಿಜ. ಆದರೆ ಚಿಕಿತ್ಸೆ ಎಳೆದಾಡಿದಷ್ಟೂ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯಲು ಸಮಯ ಸಿಗುತ್ತದೆ ಎಂಬ ಪಾಠ ಸ್ಪಷ್ಟವಾಯಿತು. ಮದುವೆಯ ನೆಪದಲ್ಲಿ, ಬಸ್ಸಿನ ಖರ್ಚಿನ ಚಿಂತೆಯಲ್ಲಿ ವಾರಗಟ್ಟಲೆ ಚಿಕಿತ್ಸೆ ತಪ್ಪಿಸುವವರು ಇದನ್ನು ನೆನಪಿಡಬೇಕು.

2023ರಲ್ಲಿ ಹೊರಬಂದ ಇನ್ನೊಂದು ಫಲಿತಾಂಶವಂತೂ ದೂರದ ಊರಿನವರ ಪಾಲಿಗೆ ಆಶಾದಾಯಕ. ಅದೇ ಸಂಸ್ಥೆ 10 ದೇಶಗಳ 729 ರೋಗಿಗಳಲ್ಲಿ 33 ಬಾರಿಯ ಚಿಕಿತ್ಸೆಯನ್ನು ನಾಲ್ಕು ವಾರಗಳ 20 ಬಾರಿಯ ಚಿಕಿತ್ಸೆಯೊಂದಿಗೆ ಹೋಲಿಸಿತು. ಕಾಯಿಲೆಯ ಹತೋಟಿಯಲ್ಲಿ 20 ಬಾರಿಯದ್ದು ಹಿಂದೆ ಬೀಳಲಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯು ಸಿಸ್ಪ್ಲಾಟಿನ್ ತಾಳಿಕೊಳ್ಳಲಾಗದ 356 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ವಿಕಿರಣದ ಜೊತೆ ಡೋಸಿಟಾಕ್ಸೆಲ್ ನೀಡಿತು. ಎರಡು ವರ್ಷ ಬದುಕುಳಿದವರು ಬರಿಯ ವಿಕಿರಣ ಪಡೆದವರಲ್ಲಿ ಶೇ. 41.7 ಆಗಿದ್ದರೆ ಇವರಲ್ಲಿ ಶೇ. 50.8. ನಾಳೆ ನಮ್ಮ ಮನೆಯ ರೋಗಿಗೆ ಸಿಗಲಿರುವ ಚಿಕಿತ್ಸೆಯ ಹಿಂದೆ ಈ ಅಪರಿಚಿತರ ಒಪ್ಪಿಗೆ ಇದೆ. ಅವರ ಋಣ ನಮ್ಮ ಮೇಲಿದೆ.

ಆದ್ದರಿಂದ ಪ್ರಶ್ನೆ ಪ್ರಯೋಗ ಬೇಕೇ ಬೇಡವೇ ಎಂಬುದಲ್ಲ, ಒಪ್ಪಿಗೆ ನಿಜವಾದುದೇ ಎಂಬುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲೇಬೇಕು. ಓದು ಬಾರದವರಿಗೆ ನಿಷ್ಪಕ್ಷ ಸಾಕ್ಷಿಯ ಸಮ್ಮುಖದಲ್ಲಿ ಓದಿ ಹೇಳಬೇಕು. ಯಾವ ಹಂತದಲ್ಲಾದರೂ ಹೊರಬರುವ ಹಕ್ಕು ರೋಗಿಗಿದೆ. ಹೊರಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ ಆತ ಅರ್ಹ. ಪ್ರಯೋಗಕ್ಕೆ ಸೇರದಿದ್ದರೆ ನನಗೆ ಯಾವ ಚಿಕಿತ್ಸೆ? ಸೇರಿದರೆ ವ್ಯತ್ಯಾಸವೇನು? ಖರ್ಚು ಯಾರದು? ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು? ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ಈ ಐದು ಪ್ರಶ್ನೆ ಕೇಳುವುದು ಅವಿಧೇಯತೆಯಲ್ಲ. ಉತ್ತರ ಕೊಡಲು ಹಿಂಜರಿಯುವಲ್ಲಿ ಸಹಿ ಹಾಕಬೇಕಾಗಿಲ್ಲ.

ಆದರೆ ಆಸ್ಪತ್ರೆಯನ್ನು ಪ್ರಶ್ನಿಸುವ ಮೊದಲು ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ಕಾಯಿಲೆಯ ಹೆಸರನ್ನೇ ತಾಯಿಯಿಂದ ಬಚ್ಚಿಟ್ಟ ಮನೆಯವರು ಆಕೆಯ ಒಪ್ಪಿಗೆಯನ್ನು ಹೇಗೆ ಪಡೆಯುತ್ತಾರೆ? ಪ್ರೀತಿಯಿಂದಲೇ ಮುಚ್ಚಿಟ್ಟಿರಬಹುದು. ಆದರೆ ಕುತ್ತಿಗೆಯ ಚರ್ಮ ಕಪ್ಪಾಗುವುದು, ಬಾಯಿ ಒಣಗುವುದು, ಅನ್ನ ಇಳಿಯದಿರುವುದು ಆಕೆಗೆ, ಮಗನಿಗಲ್ಲ. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಕಡ್ಡಾಯವೆಂದು ವೇದಿಕೆಗಳಲ್ಲಿ ಹೆಮ್ಮೆಪಡುವ ಸಮುದಾಯ, ಆಕೆಯ ಪ್ರಾಣದ ವಿಷಯದಲ್ಲಿ ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುವುದು ಯಾವ ನ್ಯಾಯ?

ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಿದೆ. ಆದರೆ ಪಾನ್ ಮಸಾಲ ಮತ್ತು ತಂಬಾಕಿನ ಚೀಟುಗಳನ್ನು ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸುವ ಯುವಕರು ನಮ್ಮ ಗಲ್ಲಿಗಳಲ್ಲೇ ಇದ್ದಾರೆ. ಮಸೀದಿ ಕಮಿಟಿಗಳು, ಯುವಕ ಸಂಘಗಳು ಈ ಬಗ್ಗೆ ಮಾತಾಡಲಿ. ಜೊತೆಗೆ, ಪರ ಊರಿನಲ್ಲಿ ವಾರಗಟ್ಟಲೆ ಚಿಕಿತ್ಸೆ ಪಡೆಯುವ ಬಡ ರೋಗಿಯ ವಸತಿ ಮತ್ತು ಬಸ್ಸಿನ ಖರ್ಚನ್ನು ವಹಿಸಿಕೊಳ್ಳಲಿ. ಒಪ್ಪಿಗೆ ಪತ್ರವನ್ನು ಮನೆಮಾತಿನಲ್ಲಿ ಓದಿ ಹೇಳಬಲ್ಲ ಓರ್ವ ವಿದ್ಯಾವಂತ ಯುವಕನನ್ನೋ ಯುವತಿಯನ್ನೋ ಜೊತೆಗೆ ಕಳುಹಿಸಲಿ.

ಎಲ್ಲಕ್ಕಿಂತ ಮೊದಲು, ಬೆಂಚಿನ ಮೇಲೆ ಕೂತ ಆ ತಾಯಿಯನ್ನು ಒಳಗೆ ಕರೆಯಲಿ.