ಕವಚ ಕಳಚಿದವನು ಯಾರು?

ಹಡಗುಕಟ್ಟೆಯಲ್ಲಿ ಒಬ್ಬ ಕಾರ್ಮಿಕನ ಕೈ ಯಂತ್ರಕ್ಕೆ ಸಿಕ್ಕಿ ಊನವಾಯಿತೆಂದರೆ, ವಿಚಾರಣೆಗೆ ಕುಳಿತವರು ಮೊದಲು ಕೇಳುವುದು ಯಂತ್ರದ ಗಾರ್ಡನ್ನು ತೆಗೆದವನು ಯಾರೆಂಬುದನ್ನು. ಅವರಿಗೆ ಬಹುಮಟ್ಟಿಗೆ ದೊರೆಯುವ ಉತ್ತರ, ಆ ಗಾಯಾಳುವೇ ತೆಗೆದನೆಂಬುದು. ಈ ಉತ್ತರ ಅನೇಕ ವೇಳೆ ನಿಜವೂ ಆಗಿರುತ್ತದೆಂದು ನಾನು ಮೊದಲಿಗೇ ಒಪ್ಪಿಬಿಡುತ್ತೇನೆ. ನನ್ನ ಆಕ್ಷೇಪವೆಲ್ಲ ಆ ಪ್ರಶ್ನೆಯ ಮೇಲೆಯೇ: ಕಳಚಲು ಬರುವಂಥ ಕವಚವನ್ನು ಮಾಡಿಕೊಟ್ಟವರು ಯಾರು, ಕಳಚಿದರೆ ನಾಲ್ಕು ಕಾಸು ಹೆಚ್ಚು ದೊರೆಯುವಂತೆ ಕೂಲಿಯ ಲೆಕ್ಕವನ್ನು ಕಟ್ಟಿದವರು ಯಾರು ಎಂಬುದನ್ನು ಅದು ಕೇಳುವುದೇ ಇಲ್ಲ.

ಹಡಗು ಕಟ್ಟುವ ಸ್ಥಳವೆಂದೊಡನೆ ನಮ್ಮ ಕಲ್ಪನೆಗೆ ಬರುವುದು ಗಗನಚುಂಬಿಯಾದ ಕ್ರೇನು, ಉಕ್ಕಿನ ಹಾಳೆಯನ್ನು ಚಾಪೆಯಂತೆ ಸುರುಳಿಗೊಳಿಸುವ ಮೂರು ಉರುಳೆಗಳ ಯಂತ್ರ, ಭಾರಿ ಕತ್ತರಿಯಂತ್ರ ಇವೇ ಮೊದಲಾದುವು. ಅವುಗಳಿಗೆ ಬೇಲಿ, ತಡೆಹಗ್ಗ, ಬೆಳಕಿನ ಪರದೆ ಮುಂತಾದ ರಕ್ಷಣೆಗಳು ತಕ್ಕಮಟ್ಟಿಗೆ ಬಂದಿವೆ. ಅತಿಥಿಗಳು ಬಂದಾಗ ತೋರಿಸುವುದಕ್ಕೂ ಅವು ಅನುಕೂಲ. ಆದರೆ ಮಲ್ಪೆಯಾಗಲಿ, ಕೊಚ್ಚಿಯಾಗಲಿ, ವಿಶಾಖಪಟ್ಟಣವಾಗಲಿ, ಹಡಗು ಕಟ್ಟುವಲ್ಲೆಲ್ಲ ಹೆಚ್ಚು ಕೈಗಳಲ್ಲಿ ದಿನವಿಡೀ ಕಿರಿಚುತ್ತಿರುವ ಯಂತ್ರವೆಂದರೆ ಎರಡು ಕಿಲೋ ತೂಗುವ ಗ್ರೈಂಡರು. ಅದರ 5 ಇಂಚಿನ ಬಿಲ್ಲೆ ನಿಮಿಷಕ್ಕೆ ಸುಮಾರು 11,000 ಸುತ್ತು ಸುತ್ತುತ್ತದೆ. ಎಂದರೆ ಅದರ ಅಂಚು ಗಂಟೆಗೆ 250 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ. ಬಿಲ್ಲೆಯಾದರೋ ಅಂಟಿನಿಂದ ಬಂಧಿಸಿದ ಸಾಣೆಹರಳುಗಳ ಒಂದು ಬಿಸ್ಕತ್ತು. ಉಕ್ಕಿನ ಸೀಳಿನಲ್ಲಿ ಅದು ಕಚ್ಚಿಕೊಂಡು ಒಡೆದ ಕ್ಷಣದಲ್ಲಿ ಆ ಚೂರುಗಳಿಗೂ ಮನುಷ್ಯನ ಮುಖಕ್ಕೂ ಮಧ್ಯೆ ಇರುವುದು ಅರ್ಧಚಂದ್ರಾಕಾರದ ಒಂದು ತಗಡು. ಅದೇ ಗಾರ್ಡು. ಬೇಗ ಕೆಲಸವಾಗಲೆಂದು ಈ ಚಿಕ್ಕ ಯಂತ್ರಕ್ಕೆ 7 ಇಂಚಿನ ಬಿಲ್ಲೆಯನ್ನು ಕಟ್ಟುವವರೂ ಉಂಟು. ಆ ಬಿಲ್ಲೆಯ ಮಿತಿ ನಿಮಿಷಕ್ಕೆ ಸುಮಾರು 8,500 ಸುತ್ತು ಮಾತ್ರ, ಮತ್ತು ಅದನ್ನು ಕಟ್ಟಬೇಕಾದರೆ ಮೊದಲು ಗಾರ್ಡು ಹೋಗಲೇಬೇಕು.

ಹೋಗುವುದಕ್ಕೆ ಇನ್ನೊಂದು ಕಾರಣವುಂಟು. ಅದು ಕಚೇರಿಯಲ್ಲಿ ಕುಳಿತವರಿಗೆ ಸುಲಭವಾಗಿ ಕಾಣತಕ್ಕದ್ದಲ್ಲ. ಹಡಗಿನ ಅಡಿ ಒಂದೇ ಹಾಳೆಯದಲ್ಲ. ಎರಡು ಹಾಳೆಗಳ ನಡುವೆ ಉಕ್ಕಿನ ಪಟ್ಟಿಗಳಿಂದ ಜೇನುಗೂಡಿನಂತೆ ವಿಭಾಗಿಸಲ್ಪಟ್ಟ ಇಕ್ಕಟ್ಟಾದ ಕೋಣೆಗಳ ಸಾಲು ಅದು. ಒಬ್ಬನು ತೂತಿನ ಮೂಲಕ ತೆವಳಿ ಒಳಹೊಕ್ಕು, ಮೊಣಕಾಲೂರಿ, ತಲೆಯನ್ನು ಓರೆಯಾಗಿಸಿ, ಎರಡು ಪಟ್ಟಿಗಳು ಕೂಡುವ ಮೂಲೆಯ ಬೆಸುಗೆಯನ್ನು ಸಾಪು ಮಾಡಬೇಕು. ಆ ಮೂಲೆಗೆ ಬಿಲ್ಲೆ ಹೋಗುತ್ತದೆ, ಗಾರ್ಡು ಹೋಗುವುದಿಲ್ಲ. ಹೊರಗೆ ಮೇಸ್ತ್ರಿ ಕಾಯುತ್ತಿದ್ದಾನೆ. ಮೇಸ್ತ್ರಿಯ ಹಿಂದೆ ಟನ್ನಿನ ಲೆಕ್ಕದಲ್ಲಿ ಹಣ ಪಡೆಯುವ ಕಾಂಟ್ರಾಕ್ಟರನಿದ್ದಾನೆ. ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಆ ಹುಡುಗನು ಅಲ್ಲಿ ತನ್ನ ವಿವೇಚನೆಯಿಂದ ತೀರ್ಮಾನಿಸಿ ಗಾರ್ಡನ್ನು ಕಳಚಿದನೆಂದು ಹೇಳುವುದು, ಹೊಳೆಯಲ್ಲಿ ತೇಲಿಹೋಗುತ್ತಿರುವವನು ದಿಕ್ಕನ್ನು ಆರಿಸಿಕೊಂಡನೆಂದು ಹೇಳಿದಂತೆ.

ಹಲವು ವರ್ಷಗಳ ಕೆಳಗೆ ಪಶ್ಚಿಮ ಕರಾವಳಿಯ ಒಂದು ಕಟ್ಟೆಯ ಉಗ್ರಾಣದಲ್ಲಿ ನಾನು ಒಂದು ತಗಡಿನ ಡ್ರಮ್ಮನ್ನು ಕಂಡೆ. ಅದರ ತುಂಬ ಗಾರ್ಡುಗಳು. ಒಂದಕ್ಕೂ ಗೀರಿಲ್ಲ, ಕಿಡಿಯ ಕಲೆಯಿಲ್ಲ. ಆಯುಧಪೂಜೆಯ ಮರುದಿನವಾದ್ದರಿಂದ ಡ್ರಮ್ಮಿನ ಹೊಟ್ಟೆಗೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಇವೇಕೆ ಇಲ್ಲಿ ಎಂದು ಕೇಳಿದಾಗ ಉಗ್ರಾಣದವನು ಸಂಕೋಚವಿಲ್ಲದೆ, "ಆಡಿಟ್ ಇದ್ದ ದಿನ ಎಲ್ಲಾ ಹಾಕಿಸ್ತೇವೆ ಸಾರ್, ಕಳೆದುಹೋಗಬಾರದಲ್ಲ" ಎಂದನು. ಅವನ ಮೇಲೆ ನನಗೆ ಕೋಪ ಬರಲಿಲ್ಲ. ತನ್ನ ವಶಕ್ಕೆ ಕೊಟ್ಟ ಸಾಮಾನನ್ನು ಅವನು ಜೋಪಾನ ಮಾಡಿದ್ದನು.

ಈ ವಿವಾದ ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ 1844ರ ಕಾರ್ಖಾನೆ ಕಾಯಿದೆ ಗಿರಣಿಯ ತಿರುಗುವ ಭಾಗಗಳಿಗೆ ಬೇಲಿ ಹಾಕಬೇಕೆಂದು ವಿಧಿಸಿತು. ಒಂದು ದಶಕದ ಅನಂತರ ನಿರೀಕ್ಷಕರು ಅದನ್ನು ನಿಜವಾಗಿಯೂ ಜಾರಿಗೆ ತರಹೊರಟಾಗ, 1855ರಲ್ಲಿ ಗಿರಣಿಯ ಒಡೆಯರು ಮ್ಯಾಂಚೆಸ್ಟರಿನಲ್ಲಿ ಒಂದು ಸಂಘವನ್ನೇ ಕಟ್ಟಿದರು. ಏಳಡಿಗೂ ಎತ್ತರದಲ್ಲಿರುವ ದಂಡಗಳಿಗೆ ಬೇಲಿ ಅನಾವಶ್ಯಕ, ಅಪಘಾತಗಳಿಗೆ ಕೆಲಸಗಾರರ ಅಜಾಗರೂಕತೆಯೇ ಕಾರಣ ಎಂಬುದು ಅವರ ವಾದಸರಣಿ. ಹ್ಯಾರಿಯೆಟ್ ಮಾರ್ಟಿನೋ ಎಂಬ ಘನ ವಿದುಷಿಯೇ ಅವರ ಪರವಾಗಿ ಒಂದು ಪುಸ್ತಿಕೆ ಬರೆದಳು. ಡಿಕನ್ಸನ ಪತ್ರಿಕೆ ಆ ಸಂಘಕ್ಕೆ, ಕೂಲಿಕಾರರನ್ನು ನುಚ್ಚುನೂರು ಮಾಡುವ ಸಂಘವೆಂಬರ್ಥದ ಅಡ್ಡಹೆಸರಿಟ್ಟು ಗೇಲಿ ಮಾಡಿತು. ಗೇಲಿ ಗೆಲ್ಲಲಿಲ್ಲ. 1856ರಲ್ಲಿ ಪಾರ್ಲಿಮೆಂಟು ಒಡೆಯರ ಇಷ್ಟದಂತೆ ನಿಬಂಧನೆಯನ್ನು ಸಡಿಲಿಸಿತು.

ಅದಾದ ನೂರು ವರ್ಷಕ್ಕೆ ಸಾಣೆಚಕ್ರದ ಸರದಿ ಬಂತು. ಉಕ್ಕಿನ ಕಾರ್ಖಾನೆಯೊಂದರ ಫಿಟ್ಟರನ ಹೆಬ್ಬೆರಳು ತಿರುಗುವ ಸಾಣೆಗೆ ಸಿಕ್ಕಿದ ವ್ಯಾಜ್ಯ 1955ರಲ್ಲಿ ಲಾರ್ಡರ ಸಭೆಯವರೆಗೂ ಹೋಯಿತು. ಪೂರ್ತಿ ಮುಚ್ಚಿದರೆ ಸಾಣೆಯಿಂದ ಪ್ರಯೋಜನವೇ ಇಲ್ಲವಲ್ಲ ಎಂದು ಒಡೆಯರ ಪಕ್ಷ ಕೇಳಿತು. ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯಿದೆ ವಿಧಿಸಿದ ಕರ್ತವ್ಯ ನಿರಪವಾದವಾದದ್ದು, ಯಂತ್ರ ನಿರುಪಯೋಗಿಯಾಗುವುದೆಂಬುದು ಸಮಾಧಾನವಾಗಲಾರದು ಎಂದು ಲಾರ್ಡರು ತೀರ್ಪಿತ್ತರು. ಆ ಕಾಯಿದೆಯ ಜಾಡಿನಲ್ಲಿಯೇ ಬಂದ ನಮ್ಮ 1948ರ ಕಾರ್ಖಾನೆಗಳ ಅಧಿನಿಯಮದ 21ನೆಯ ಪ್ರಕರಣವೂ, ಗಟ್ಟಿಮುಟ್ಟಾದ ಕವಚವಿರತಕ್ಕದ್ದು, ಯಂತ್ರ ಚಲಿಸುತ್ತಿರುವಷ್ಟು ಕಾಲವೂ ಅದು ಸ್ವಸ್ಥಾನದಲ್ಲಿರತಕ್ಕದ್ದು ಎಂದು ಖಂಡಿತವಾಗಿ ವಿಧಿಸಿತ್ತು. ಜಾರಿಯ ಮಾತು ಬೇರೆ, ವಾಕ್ಯವಾದರೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ವೃತ್ತಿ ಸುರಕ್ಷತಾ ಸಂಹಿತೆಯ ಒಡಲಿನಲ್ಲಿ ಆ ವಾಕ್ಯವಿಲ್ಲ. ಯಂತ್ರಕ್ಕೆ ಬೇಲಿ ಎಂಬುದು ಅನುಸೂಚಿಯ ಪಟ್ಟಿಯಲ್ಲಿ ಒಂದು ಬಾಬ್ತಾಗಿ, ಸರಕಾರ ಅಧಿಸೂಚನೆಯ ಮೂಲಕ ಬರೆಯಬಹುದಾದ, ತಿದ್ದಬಹುದಾದ ಮಾನಕಗಳ ವಿಷಯವಾಗಿ ಉಳಿದಿದೆ. ಇದರೊಡನೆ, ವಿದ್ಯುತ್ತಿನಿಂದ ನಡೆಯುವ ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಜನ ಸಾಕಾಗಿದ್ದರೆ ಈಗ 20 ಜನ ಬೇಕು. ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸಲು ಹಿಂದೆ 20 ಇದ್ದದ್ದು ಈಗ 50. ಹಡಗಿನ ಹೊಟ್ಟೆಯೊಳಕ್ಕೆ ತೆವಳುವವರು ಇಂಥ ಸಣ್ಣ ಸಣ್ಣ ಗುತ್ತಿಗೆಗಳ ಆಳುಗಳೇ ಎಂಬುದನ್ನು ನೆನೆದರೆ, ಈ ಅಂಕಿಗಳು ಬರಿಯ ಅಂಕಿಗಳಾಗಿ ತೋರಲಾರವು.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಪರಿಹಾರದ ಕಾನೂನು. 1923ರ ಅಧಿನಿಯಮದ ಅನುಸೂಚಿ ಬೆರಳುಗಳಿಗೆ ಬೆಲೆ ಕಟ್ಟಿತ್ತು: ಹೆಬ್ಬೆರಳು ಪೂರ್ತಿ ಹೋದರೆ ದುಡಿಮೆಯ ಸಾಮರ್ಥ್ಯದಲ್ಲಿ ನೂರಕ್ಕೆ 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗಾಗಲಿ ಕಿರುಬೆರಳಿಗಾಗಲಿ 7. ಹೀಗೆ ಬೆಲೆ ಕಟ್ಟಿದ್ದನ್ನು ನಾನು ಹಳಿಯುವುದಿಲ್ಲ; ಎಲ್ಲಿಯಾದರೂ ಒಂದು ಅಳತೆಯಿರಬೇಕಾದದ್ದೇ. ಆದರೆ ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾಗದ ಸಂದರ್ಭದಲ್ಲಿ, ರಕ್ಷಾಕವಚವನ್ನು ಕಾರ್ಮಿಕನು ಬುದ್ಧಿಪೂರ್ವಕವಾಗಿ ತೆಗೆದನೆಂದು ತೋರಿಸಿದರೆ, ಆ 30 ಆಗಲಿ ಆ 7 ಆಗಲಿ ಕೊಡುವ ಹೊಣೆ ಒಡೆಯನಿಗಿಲ್ಲ. ಈ ವಿನಾಯಿತಿ 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ವಂಶಪಾರಂಪರ್ಯದ ಒಡವೆಯಂತೆ ಇಳಿದು ಬಂದಿದೆ. ಡ್ರಮ್ಮಿನಲ್ಲಿ ಗಾರ್ಡುಗಳನ್ನು ಜೋಪಾನ ಮಾಡುವುದರ ಇನ್ನೊಂದು ಪ್ರಯೋಜನ ಆಗ ನನಗೆ ಹೊಳೆಯಿತು: ಗಾರ್ಡು ಒದಗಿಸಲಾಗಿತ್ತು ಎಂಬುದಕ್ಕೆ ಅವು ಸಾಕ್ಷಿ.

ಆ ವಿನಾಯಿತಿ ಕಾನೂನಿನಿಂದ ಹೋಗಬೇಕು, 21ನೆಯ ಪ್ರಕರಣದ ವಾಕ್ಯ ವೃತ್ತಿ ಸುರಕ್ಷತಾ ಸಂಹಿತೆಯ ಒಡಲಿಗೆ ಮರಳಬೇಕು ಎಂಬುದು ನನ್ನ ಪಕ್ಷ. ವಿನಾಯಿತಿ ಹೋದರೆ ಕಾರ್ಮಿಕರು ಬೇಕೆಂದೇ ಕವಚ ಕಳಚಿ ಹಣ ಕೀಳುವರೆಂದು ಒಬ್ಬ ಗೃಹಸ್ಥರು ನನ್ನೊಡನೆ ವಾದಿಸಿದರು. ನೂರಕ್ಕೆ 7ರ ಆಸೆಗೆ ಕಿರುಬೆರಳನ್ನು ಒಡ್ಡುವ ಮನುಷ್ಯನನ್ನು ಅವರು ನನಗೆ ತೋರಿಸಲಾರದೆ ಹೋದರು. ಮೂಲೆಗೆ ಗಾರ್ಡು ಹೋಗದೆಂಬ ಆಕ್ಷೇಪ ಇದಕ್ಕಿಂತ ಪ್ರಾಮಾಣಿಕವಾದದ್ದು, ಮತ್ತು ಅದಕ್ಕೆ ಉತ್ತರವೂ ಇದೆ. ಆ ಮೂಲೆಗೆಂದೇ ಕಡ್ಡಿಯಂಥ ಸಣ್ಣ ಗ್ರೈಂಡರುಗಳುಂಟು, ಕಿರಿದಾದ ಪಟ್ಟಿಯ ಸಾಣೆಗಳುಂಟು; ಸ್ಪಾನರಿನ ಹಂಗಿಲ್ಲದೆ ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಬಹುದಾದ ಗಾರ್ಡುಗಳುಂಟು; ಹಿಡಿತ ಸಡಿಲಿದೊಡನೆ ಯಂತ್ರವನ್ನು ನಿಲ್ಲಿಸುವ ಸ್ವಿಚ್ಚುಗಳುಂಟು. ನಕ್ಷೆ ಬರೆಯುವ ಎಂಜಿನಿಯರು ಯಂತ್ರ ಹಿಡಿದ ಕೈ ಅಲ್ಲಿಗೆ ಹೇಗೆ ಹೋದೀತೆಂದು ಯೋಚಿಸಿದರೆ ಎಷ್ಟೋ ಮೂಲೆಗಳು ಹುಟ್ಟುವುದೇ ಇಲ್ಲ. ಇಂಥ ಹತಾರಗಳನ್ನು ಕಾಂಟ್ರಾಕ್ಟರನ ಚೀಲದಿಂದ ತರಿಸದೆ ಹಡಗುಕಟ್ಟೆಯೇ ತನ್ನ ಉಗ್ರಾಣದಿಂದ ಕೊಡಬೇಕು, ಅದರ ವೆಚ್ಚ ಟನ್ನಿನ ದರದ ಹೊರಗಿರಬೇಕು. ಬರುವ ಟೆಂಡರಿನಲ್ಲಿ ಈ ಒಂದು ಸಾಲನ್ನು ಸೇರಿಸಲು ಯಾವ ಆಡಳಿತಕ್ಕೂ ದೆಹಲಿಯ ಅಪ್ಪಣೆ ಬೇಕಾಗಿಲ್ಲ.